ಹುಳಿ ಅಂಬಲಿ, ತಾಮ್ರದ ಕೊಡ

ಎಳ್ಳಮಾಸಿಗೆ ಕಮಲಾಪುರದ ಹೊಲಕ್ಕ ಹೋದಾಗ ಈ ಸಲ ತಪ್ಪು ನಂದೇ. ಅಂಬಲಿ ಮಣ್ಣಿನ ಗಡಿಗ್ಯಾಗ ಚಂದ ಹುಳಿ ಹಿಡಿದಿತ್ತು. ಕಲಬುರಗಿಯಿಂದ ಗಾಡ್ಯಾಗ ಒಯ್ಯೂಮುಂದ ಗಡಿಗಿ ಒಡೀತದ ಅಂತ ರಾತ್ರಿನೇ ತಾಮ್ರದ ಕೊಡಕ್ಕ ಸುರುವಿಟ್ಟೆ. ಹೊಲದಾಗ ಕುಡಿದವರೆಲ್ಲ ಬಾಯಿ ಒಗರು ಅಂದ್ರು. ಇಬ್ಬರು ಹುಡುಗರು ವಾಂತಿ ಮಾಡ್ಕೊಂಡ್ರು. ನಮ್ಮ ಅತ್ತಿ ಕೊಡದಾಗ ಬಗ್ಗಿ ನೋಡಿ, "ಇದಕ್ಕ ಕಲಾಯಿ ಎಲ್ಲಿ ಅದವಾ?" ಅಂದ್ರು.

ಈಗ ಮನಿಮನ್ಯಾಗ ತಾಮ್ರದ ಬಾಟ್ಲಿ ಅದಾವ. ಅದರಾಗೇ ಲಿಂಬಿಹಣ್ಣು ಹಿಂಡಿ ಕುಡಿಯೋರೂ ಅದಾರ. ನನ್ನ ತಕರಾರು ತಾಮ್ರದ ಮ್ಯಾಲ ಅಲ್ಲ, ಹುಳಿ ಮ್ಯಾಲನೂ ಅಲ್ಲ, ಎರಡೂ ಕೂಡಿಸೋದರ ಮ್ಯಾಲ. ಹುಳಿ ಲೋಹ ಕರಗಸ್ತದ. ಹುಂಚಿಹಣ್ಣು ಹಚ್ಚಿ ತಿಕ್ಕಿದ್ರ ಕೊಡ ಹೊಳೀತದ ಅಂತ ನಮಗೆಲ್ಲ ಗೊತ್ತು. ಆ ಕರಗಿದ್ದು ಅಂಬಲ್ಯಾಗ ಇಳೀತದ ಅನ್ನೋದಷ್ಟೇ ಮರೀತೀವಿ.

ನನ್ನ ಮಗಳು ಇದನ್ನ ಕೇಳಿ ಈಸ್ಟಿನ ಮಾತು ತೆಗೆದಳು. ಬ್ರೆಡ್ಡಿಗೆ ಹಾಕ್ತಾರಲ್ಲ, ಅದೇ ಈಸ್ಟ್. ಅದರ ಜೀವಕೋಶದ ಒಳಗಿನ ಕೆಲಸ ಭಾಳಷ್ಟು ನಮ್ಮದರ ಹಾಂಗೇ ನಡೀತದಂತ. ಅದಕ್ಕ ಲೋಹದ ಪರೀಕ್ಷಾ ಅದರ ಮ್ಯಾಲ ಮಾಡ್ತಾರ. ಮ್ಯಾಂಗನೀಸ್ ಜಾಸ್ತಿ ಆದ್ರ ಈಸ್ಟಿನ ಜೀನಿನಾಗ ತಪ್ಪು ಬೀಳ್ತಾವ ಅಂತ 1970ರ ದಶಕದಾಗೇ ಕಂಡಿದ್ರು. ಕ್ಯಾಡ್ಮಿಯಂ ಇನ್ನೂ ಕೆಟ್ಟದು: ಜೀನು ನಕಲು ಆಗೂಮುಂದ ಬಿದ್ದ ತಪ್ಪು ತಿದ್ದೋ ಕೆಲಸನೇ ಅದು ತಡೀತದ, ಇದು 2003ರಾಗ ಈಸ್ಟಿನ ಮ್ಯಾಲ ಗೊತ್ತಾದದ್ದು.

ಲೋಹದ ಜೋಡಿ ಏನು ಸೇರ್ತದ ಅನ್ನೋದರ ಮ್ಯಾಲೂ ಪರಿಣಾಮ ಬದಲಾಗ್ತದ. ಕಾರ್ಖಾನಿ ಹೊಲಸಿನಾಗಿನ ವಿಷದ ಕ್ರೋಮಿಯಂ (ನಮ್ಮ ಸ್ಟೀಲಿನಾಗಿಂದು ಬ್ಯಾರೆ, ಹೆದರಬ್ಯಾಡ್ರಿ) ಅದಕ್ಕ ವಿಟಮಿನ್ ಸಿ ಜೀವಕೋಶದ ಹೊರಗ ಸಿಕ್ರ ವಿಷ ಕಡಿಮಿ ಆಗ್ತದ. ಒಳಗ ಹೋದಮ್ಯಾಲ ಸಿಕ್ರ ಅದೇ ವಿಟಮಿನ್ ಜೀನಿಗೆ ಪೆಟ್ಟು ಬೀಳೋಹಂಗ ಮಾಡಬಹುದು. ಒಳ್ಳೇದು ಅಂತ ಎಲ್ಲಾದಕ್ಕೂ ಎಲ್ಲಾ ಬೆರೆಸೋರಿಗೆ ನಾ ಇದನ್ನೇ ಹೇಳೋದು.

ತಾಮ್ರದಿಂದ ಜೀನು ಕೆಡ್ತಾವ ಅಂತ ನಾ ಹೆದರಸಂಗಿಲ್ಲ. ತಾಮ್ರ ಮೈಗೂ ಚೂರು ಬೇಕು. ಆದ್ರ ಹುಳಿಯೊಳಗ ಕರಗಿ ಜಾಸ್ತಿ ಹೊಟ್ಟಿಗೆ ಹೋದ್ರ ವಾಂತಿ, ಹೊಟ್ಟಿನೋವು ಖರೇನೇ, ನಮ್ಮ ಹುಡುಗರನ್ನ ಕೇಳ್ರಿ. ಮಜ್ಜಿಗಿ, ಸಾರು, ಉಪ್ಪಿನಕಾಯಿ, ದ್ವಾಸಿ ಹಿಟ್ಟು ಯಾವುದೂ ಕಲಾಯಿ ಇಲ್ಲದ ತಾಮ್ರ, ಹಿತ್ತಾಳ್ಯಾಗ ಇಡಬ್ಯಾಡ್ರಿ. ಕಲಾಯಿ ಮಾಡೋರು ಈಗ ಓಣಿಗೆ ಬರಂಗಿಲ್ಲ. ಗಡಿಗಿ ಒಡೀತದ ಅಂದ್ರ ಸ್ಟೀಲಿನ ಕ್ಯಾನ್ ಒಯ್ಯಿರಿ.

ನನ್ನ ಕೊಡಕ್ಕ ಈಗ ಬರೇ ನೀರು. ಅತ್ತಿ ಮಾತ್ರ ಅಂಬಲಿ ಅಂದಕೂಡ್ಲೇ ಇನ್ನೂ ನನ್ನ ಮುಖ ನೋಡ್ತಾರ.