ಮೊದಲು ಕೆಲಸ, ಆಮೇಲೆ ತರಬೇತಿ

ಬಿ.ಎ. ಆದಮೇಲೆ ಮುಂದೇನು? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ; ಗುಮಾಸ್ತನಾದರೆ ಸಾಕೆಂದು ತಂದೆಯವರ ಆಸೆ. ನನ್ನ ಮನಸ್ಸು ಬೇರೆಡೆಗಿದೆ. ಕಾರಣ, ನಮ್ಮಣ್ಣ.

ಅವನಿಗೆ ಬೌದ್ಧಿಕ ನ್ಯೂನತೆಯಿದೆ. ಮೇಣದಬತ್ತಿ ಮಾಡಲು ಕಲಿಸಿದ ಸಂಸ್ಥೆಯೊಂದು ಪ್ರಮಾಣಪತ್ರವನ್ನಿತ್ತು ಕಳುಹಿಸಿತು. ಪತ್ರ ಗೋಡೆಯ ಮೇಲಿದೆ. ಅಣ್ಣ ಜಗಲಿಯ ಮೇಲಿದ್ದಾನೆ.

‘ಬೆಂಬಲಿತ ಉದ್ಯೋಗ’ವೆಂಬ ಕ್ರಮಕ್ಕೆ ಅಮೆರಿಕದ ಕಾನೂನು 1986ರಲ್ಲಿ ಹಣ ಒದಗಿಸಿತು. ಅದರ ರೀತಿ ಇದಕ್ಕೆ ತಿರುವುಮುರುವು. ಮೊದಲು ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಸಂಬಳದ ಕೆಲಸ. ಆಮೇಲೆ ಅಲ್ಲಿಯೇ ತರಬೇತಿ. ಮಾರ್ಗದರ್ಶಕನು ಪಕ್ಕದಲ್ಲಿ ನಿಂತು, ಕೆಲಸವನ್ನು ಸಣ್ಣ ಹಂತಗಳಾಗಿ ಬಿಡಿಸಿ ತೋರಿಸುತ್ತಾನೆ. ಕೈ ಪಳಗಿದಂತೆ ಹಿಂದೆ ಸರಿಯುತ್ತಾನೆ. ಬೇಕಾದಾಗ ಮತ್ತೆ ಬರುತ್ತಾನೆ.

ನಮ್ಮ 2016ರ ಕಾಯಿದೆಯೂ ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇಕಡಾ 4ರಷ್ಟು ಮೀಸಲಿಟ್ಟಿದೆ. ಬೌದ್ಧಿಕ ನ್ಯೂನತೆಯುಳ್ಳವರೂ ಅದರಲ್ಲಿ ಸೇರಿದ್ದಾರೆ. ಆದರೆ ಹುದ್ದೆ ಸಿಕ್ಕಮೇಲೆ ಪಕ್ಕದಲ್ಲಿ ನಿಲ್ಲುವವರು ಯಾರು?

ನಾವೇ ಏಕಾಗಬಾರದು, ಮಿತ್ರರೇ? “ಅದರಿಂದ ಹೊಟ್ಟೆ ತುಂಬುವುದೇ?” ಎಂಬ ಪ್ರಶ್ನೆ ನ್ಯಾಯವಾದುದೇ. ಪುಕ್ಕಟೆ ಸೇವೆ ಬಹುಕಾಲ ನಿಲ್ಲದು. ಕಲಿಯುವವನ ದುಡಿಮೆಗಿರುವಂತೆ ಕಲಿಸುವವನ ದುಡಿಮೆಗೂ ಬೆಲೆಯಿರಬೇಕು, ಸರ್ಕಾರ ಅದನ್ನು ಹೊರಬೇಕು.

ತಂದೆಯವರು ಇನ್ನೂ ಒಪ್ಪಿಲ್ಲ. ಅಣ್ಣ ತನ್ನ ಮೊದಲ ಸಂಬಳವನ್ನು ಅವರ ಕೈಗಿಟ್ಟ ದಿನ ಒಪ್ಪಿಯಾರು ಎಂದು ನಂಬಿದ್ದೇನೆ.