‘ಸೆಟ್’ ಎಂಬ ಒಂದೂವರೆ ಅಕ್ಷರ

ಇಂಗ್ಲಿಷಿನಲ್ಲಿ ಮೂರು ಅಕ್ಷರಗಳು, ಕನ್ನಡದಲ್ಲಿ ಬರೆದರೆ ಒಂದೂವರೆ. ‘ಸೆಟ್’ ಎಂಬ ಈ ಶಬ್ದವನ್ನು ಕೇಳದವರು ನಮ್ಮ ಸೀಮೆಯಲ್ಲಿ ಯಾರೂ ಇರಲಾರರು. ಜಮಖಂಡಿಯ ರೈತನಿಗೆ ಅದು ಪಂಪ್‌ಸೆಟ್ಟಿನ ಬಾಲ. ರಬಕವಿಯ ಅಂಗಡಿಯಲ್ಲಿ ಸೀರೆ-ಕುಪ್ಪಸಗಳ ಜೋಡಿ. ಮುಧೋಳದ ಮನೆಯ ಕಪಾಟಿನಲ್ಲಿ ನೆಂಟರಿಗಾಗಿ ಕಾದಿರುವ ಆರು ಕಪ್ಪು-ಬಸಿಗಳು. ಇಷ್ಟರಮಟ್ಟಿಗೆ ಈ ಶಬ್ದದಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಆರಂಭವಾಗುವುದು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ವಿದ್ಯಾರ್ಥಿಯು ಪದವಿಪೂರ್ವ ವಿಜ್ಞಾನ ವಿಭಾಗಕ್ಕೆ ಸೇರಿ, ಇಂಗ್ಲಿಷಿನ ಗಣಿತ ಪುಸ್ತಕವನ್ನು ತೆರೆದಾಗ. ಮೊದಲನೆಯ ಅಧ್ಯಾಯದ ತಲೆಯ ಮೇಲೆಯೇ ಈ ಶಬ್ದ ಕುಳಿತಿರುತ್ತದೆ. ಅರ್ಥಕ್ಕಾಗಿ ನಿಘಂಟನ್ನು ತೆಗೆದರೆ ಅಲ್ಲಿ ಇಡು, ಹೂಡು, ನೆಡು, ಮುಳುಗು, ಗಟ್ಟಿಯಾಗು, ಗೊತ್ತುಮಾಡು ಎಂದು ಸಾಲುಸಾಲಾಗಿ ಅರ್ಥಗಳು. ಇವುಗಳಲ್ಲಿ ಯಾವುದನ್ನು ಹಿಡಿಯಬೇಕು?

ಇಂಥ ಗೊಂದಲವನ್ನು ವಿದ್ಯಾರ್ಥಿಯ ಇಂಗ್ಲಿಷಿನ ಬಡತನವೆಂದು ತಳ್ಳಿಹಾಕುವ ರೂಢಿಯುಂಟು. ನನಗೆ ಇದು ಒಪ್ಪಿಗೆಯಿಲ್ಲ. ಇಂಗ್ಲಿಷರನ್ನೇ ದಣಿಸಿದ ಶಬ್ದವಿದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ ೧೯೮೯ರಲ್ಲಿ ೨೦ ಸಂಪುಟಗಳಲ್ಲಿ ಹೊರಬಂದಾಗ, ಅದರಲ್ಲಿ ಅತ್ಯಂತ ಹೆಚ್ಚು ಸ್ಥಳವನ್ನು ಆಕ್ರಮಿಸಿದ ಶಬ್ದ ‘ಸೆಟ್’ ಎಂಬ ಕ್ರಿಯಾಪದವೇ ಆಗಿತ್ತು. ಅದಕ್ಕೆ ಸುಮಾರು ೪೩೦ ಅರ್ಥಗಳು. ಹೊಸ ಆವೃತ್ತಿಗಾಗಿ ನಡೆದ ಪರಿಷ್ಕರಣದಲ್ಲಿ, ೨೦೧೧ರ ಹೊತ್ತಿಗೆ, ‘ರನ್’ ಎಂಬ ಇನ್ನೊಂದು ಮೂರಕ್ಷರದ ಕ್ರಿಯಾಪದವು ೬೪೫ ಅರ್ಥಗಳೊಡನೆ ಅದನ್ನು ಹಿಂದಿಕ್ಕಿತು. ಆದರೂ ‘ಸೆಟ್’ನ ಸ್ಥಾನವೇನೂ ಸಣ್ಣದಲ್ಲ.

ಇಷ್ಟು ಚಿಕ್ಕ ಶಬ್ದಕ್ಕೆ ಇಷ್ಟು ಅರ್ಥಗಳು ಹೇಗೆ ಬಂದುವು? ಮೊದಲನೆಯ ಕಾರಣ, ಇದು ನಿಜವಾಗಿ ಒಂದು ಶಬ್ದವಲ್ಲ, ಎರಡು. ‘ಕುಳ್ಳಿರು’ ಎಂಬುದರಿಂದ ನಾವು ‘ಕುಳ್ಳಿರಿಸು’ ಎಂಬ ಪ್ರೇರಣಾರ್ಥಕ ರೂಪವನ್ನು ಮಾಡಿಕೊಳ್ಳುವಂತೆ, ಹಳೆಯ ಇಂಗ್ಲಿಷಿನಲ್ಲಿ ‘ಸಿಟ್’ ಎಂಬುದಕ್ಕೆ ಪ್ರೇರಣಾರ್ಥಕವಾಗಿ ನಿಂತದ್ದು ‘ಸೆಟ್’. ಇಡುವುದು, ನೆಡುವುದು, ನೆಲೆಗೊಳಿಸುವುದು ಎಲ್ಲವೂ ಈ ಮೂಲದವು. ಆದರೆ ವಸ್ತುಗಳ ಸಮೂಹವೆಂಬ ಅರ್ಥದ ‘ಸೆಟ್’ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದದ್ದು. ಪಂಥವೆಂಬ ಅರ್ಥದ ‘ಸೆಕ್ಟ್’ ಎಂಬುದರ ಒಡಹುಟ್ಟು. ಉಚ್ಚಾರಣೆ ಒಂದೇ ಆದುದರಿಂದ ಕಾಲಕ್ರಮದಲ್ಲಿ ಇವೆರಡೂ ಒಂದರ ಬಣ್ಣವನ್ನು ಇನ್ನೊಂದಕ್ಕೆ ಹಚ್ಚಿದುವು.

ಎರಡನೆಯ ಕಾರಣ ಎಲ್ಲ ಭಾಷೆಗಳಿಗೂ ಸಂಬಂಧಿಸಿದ್ದು. ಅಮೆರಿಕದ ಜಾರ್ಜ್ ಕಿಂಗ್ಸ್‌ಲಿ ಜಿಪ್ಫ್ ಎಂಬ ವಿದ್ವಾಂಸನು ೧೯೪೫ರಲ್ಲಿ ಶಬ್ದಗಳ ಬಳಕೆಯನ್ನೂ ಅರ್ಥಗಳ ಸಂಖ್ಯೆಯನ್ನೂ ಹೋಲಿಸಿ ನೋಡಿ, ಶಬ್ದವೊಂದರ ಅರ್ಥಗಳ ಸಂಖ್ಯೆಯು ಅದರ ಬಳಕೆಯ ವರ್ಗಮೂಲಕ್ಕೆ ಸರಿಸುಮಾರು ಅನುಪಾತದಲ್ಲಿರುತ್ತದೆಂದು ತೋರಿಸಿದನು. ಅಂದರೆ, ನೂರು ಪಟ್ಟು ಹೆಚ್ಚಾಗಿ ಬಳಸಲ್ಪಡುವ ಶಬ್ದಕ್ಕೆ ಸುಮಾರು ಹತ್ತು ಪಟ್ಟು ಅರ್ಥಗಳು. ಕನ್ನಡದ ‘ಕಟ್ಟು’ ಎಂಬುದನ್ನೇ ನೋಡಿ: ದನವನ್ನು ಕಟ್ಟುತ್ತೇವೆ, ಮನೆಯನ್ನು ಕಟ್ಟುತ್ತೇವೆ, ಬುತ್ತಿ, ಕರ, ಪಂದ್ಯ, ಕಥೆ ಎಲ್ಲವನ್ನೂ ಕಟ್ಟುತ್ತೇವೆ, ಮೋಡ ತಾನಾಗಿ ಕಟ್ಟುತ್ತದೆ, ಗಂಟಲೂ ಕಟ್ಟುತ್ತದೆ. ‘ಆಮ್ಲಜನಕ’ಕ್ಕೆ ಮಾತ್ರ ಒಂದೇ ಅರ್ಥ, ಅದನ್ನು ಸಂತೆಯಲ್ಲಿ ಯಾರೂ ಬಳಸುವುದಿಲ್ಲವಷ್ಟೆ.

ಇನ್ನು ಈ ಶಬ್ದವು ನಮ್ಮ ಹೊಲಗಳಲ್ಲಿ ಏನು ಮಾಡುತ್ತದೆ ನೋಡೋಣ. ಕೃಷ್ಣೆ ಮತ್ತು ಘಟಪ್ರಭೆಗಳ ನೀರಿನಿಂದ ಜಮಖಂಡಿ, ಮುಧೋಳಗಳ ನೆಲ ಕಬ್ಬಿನ ನಾಡಾಯಿತು. ಕಬ್ಬಿನ ಬೇಸಾಯವನ್ನು ಕುರಿತ ಇಂಗ್ಲಿಷ್ ಪುಸ್ತಕಗಳಲ್ಲಿ ನಾಟಿಗಾಗಿ ಕಡಿದ ತುಂಡಿಗೆ ‘ಸೆಟ್’ ಎಂದೇ ಹೆಸರು. ಬರೆಯುವಾಗ ಕೊನೆಯ ಅಕ್ಷರವನ್ನು ಇಮ್ಮಡಿಸುತ್ತಾರೆ. ನಮ್ಮ ರೈತರು ಅದನ್ನು ಎರಡು ಕಣ್ಣಿನ ಗಣಿಕೆ, ಮೂರು ಕಣ್ಣಿನ ಗಣಿಕೆ ಎನ್ನುತ್ತಾರೆ. ಇಂಗ್ಲಿಷ್ ಶಬ್ದ ‘ನೆಟ್ಟದ್ದು’ ಎಂದಷ್ಟೇ ಹೇಳುತ್ತದೆ. ಕನ್ನಡದ ಮಾತು ಮೊಳೆಯುವ ಭಾಗ ಯಾವುದೆಂಬುದನ್ನೂ ಹೇಳುತ್ತದೆ. ಕಬ್ಬನ್ನು ತುಂಡರಿಸುವುದೇಕೆ ಎಂಬುದೂ ಇಲ್ಲಿಯೇ ಅಡಗಿದೆ. ಇಡಿಯ ಕಬ್ಬನ್ನು ಮಲಗಿಸಿ ಮಣ್ಣು ಮುಚ್ಚಿದರೆ ತುದಿಯ ಮೊಗ್ಗು ತಾನು ಚಿಗುರುತ್ತ ಕೆಳಗಿನ ಕಣ್ಣುಗಳನ್ನು ಹತ್ತಿಕ್ಕುತ್ತದೆ. ತುದಿಯಿಂದ ಕೆಳಕ್ಕೆ ಹರಿದುಬರುವ ಆಕ್ಸಿನ್ ಎಂಬ ರಸಾಯನ ಈ ದಬ್ಬಾಳಿಕೆಯ ಸಾಧನ. ಕಡಿದೊಡನೆ ಅದರ ಆಳ್ವಿಕೆ ತಪ್ಪುತ್ತದೆ, ಪ್ರತಿಯೊಂದು ಗಣಿಕೆಯ ಕಣ್ಣೂ ತನ್ನ ಪಾಡಿಗೆ ತೆರೆಯುತ್ತದೆ. (ಹಳೆಯ ಕಾವ್ಯಗಳಲ್ಲಿ ಬರುವ ಗಣಿಕೆ ಬೇರೆ, ಆಕೆ ಸಂಸ್ಕೃತದವಳು. ಎರಡು ಶಬ್ದಗಳು ಒಂದೇ ರೂಪಕ್ಕೆ ಬಂದು ಬೀಳುವುದು ಇಂಗ್ಲಿಷಿನಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ.)

ಬೀಳಗಿಯ ಎರೆಭೂಮಿಯ ಹಿಂಗಾರು ಜೋಳಕ್ಕೆ ಬಂದರೆ, ಹೂವು ಪರಾಗವನ್ನು ಪಡೆದು ಬೀಜವಾಗುವುದಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ಎಂದೇ ಹೇಳುತ್ತಾರೆ. ನಮ್ಮಲ್ಲಿ ಅದು ಕಾಳು ಕಟ್ಟುವುದು. ಮಗ್ಗಗಳ ಊರಾದ ರಬಕವಿ-ಬನಹಟ್ಟಿಗೆ ಹೋದರೆ ಅಲ್ಲಿಯೂ ಈ ಶಬ್ದ ಕಾದಿದೆ: ನೇಯ್ಗೆಯ ಶಾಸ್ತ್ರದಲ್ಲಿ ಒಂದು ಅಂಗುಲ ಅಗಲಕ್ಕೆ ಹಾಸಿನ ಎಳೆಗಳೆಷ್ಟು ಎಂಬ ಲೆಕ್ಕಕ್ಕೆ ‘ಸೆಟ್’ ಎಂದು ಹೆಸರು. ಸೀರೆಯ ಮೈ ತೆಳುವೋ ದಟ್ಟವೋ ಎಂಬುದು ಬಹುಮಟ್ಟಿಗೆ ಈ ಸಂಖ್ಯೆಯಿಂದಲೇ ನಿರ್ಧಾರವಾಗುತ್ತದೆ. ಮುಧೋಳದ ಹೆಸರಾಂತ ಬೇಟೆನಾಯಿಯನ್ನು ಕಂಡವರಿಗೆ ಇನ್ನೊಂದು ಸ್ವಾರಸ್ಯ ಹೇಳಬಹುದು. ಇಂಗ್ಲೆಂಡಿನ ಒಂದು ಬೇಟೆನಾಯಿಯ ತಳಿಗೆ ‘ಸೆಟ್ಟರ್’ ಎಂದು ಹೆಸರಿದೆ, ಏಕೆಂದರೆ ಹಕ್ಕಿಯ ವಾಸನೆ ಸಿಕ್ಕೊಡನೆ ಅದು ತಗ್ಗಿ ಕುಳಿತು ಗುರುತು ಕೊಡುತ್ತದೆ. ಮುಧೋಳದ ನಾಯಿಗೆ ಈ ತಾಳ್ಮೆಯಿಲ್ಲ. ಕಣ್ಣಿಗೆ ಬಿದ್ದದ್ದನ್ನು ಅಟ್ಟುವುದೇ ಅದರ ಕುಲಧರ್ಮ.

ಶಬ್ದದ ಗೊಂದಲ ವಿಜ್ಞಾನದ ಗೊಂದಲವಾಗುವುದಕ್ಕೆ ಸಿಮೆಂಟು ಒಳ್ಳೆಯ ನಿದರ್ಶನ. ಸಿಮೆಂಟು ‘ಸೆಟ್’ ಆಗುವುದೆಂದರೆ ಒಣಗುವುದೆಂದು ನಂಬಿದವರು ಬಹಳ ಮಂದಿ. ಒಣಗುವುದೇ ಆಗಿದ್ದರೆ ಗಾರೆಯವನು ಮರುದಿನದಿಂದ ನೀರು ಹೊಡೆಯುವುದೇಕೆ? ಸಿಮೆಂಟಿನ ಕಣಗಳು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಹೊಸ ಹರಳುಗಳನ್ನೂ ಅಂಟಿನಂಥ ಪದಾರ್ಥವನ್ನೂ ಉಂಟುಮಾಡುತ್ತವೆ. ನೀರು ಹಾರಿಹೋಗುವುದಲ್ಲ, ಸಿಮೆಂಟಿನೊಳಗೆ ಸೇರಿಹೋಗುತ್ತದೆ. ಆದುದರಿಂದಲೇ ಕಾಂಕ್ರೀಟು ನೀರಿನೊಳಗೂ ಗಟ್ಟಿಯಾಗಬಲ್ಲದು. ಜಮಖಂಡಿ ಸೀಮೆಯ ರೈತರು ತಾವೇ ಹಣ ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು ೧೯೮೯ರಲ್ಲಿ, ಮೇಲೆ ಹೇಳಿದ ನಿಘಂಟು ಹೊರಬಂದ ವರುಷವೇ. ಅದರ ಕಂಬಗಳು ನೀರಿನಲ್ಲಿ ನಿಂತೇ ಇವೆ.

ಇದರಲ್ಲಿಯೂ ಎರಡು ಹಂತಗಳುಂಟು. ಮೊದಲು ಮುದ್ದೆಯು ತನ್ನ ಮೆದುತನವನ್ನು ಕಳೆದುಕೊಂಡು ಅಲುಗದಂತಾಗುತ್ತದೆ. ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟಿಗೆ ಭಾರತೀಯ ಮಾನಕವು ವಿಧಿಸುವಂತೆ, ಇದು ೩೦ ನಿಮಿಷಗಳಿಗಿಂತ ಮೊದಲು ಆರಂಭವಾಗಕೂಡದು, ೬೦೦ ನಿಮಿಷಗಳೊಳಗೆ ಮುಗಿಯಬೇಕು. ಬಲ ಬರುವುದು ಇದರ ತರುವಾಯದ ದಿನಗಳಲ್ಲಿ, ವಾರಗಳಲ್ಲಿ. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಹೆಸರುಗಳಿವೆ. ನಾವು ಎರಡನ್ನೂ ‘ಗಟ್ಟಿಯಾಗುವುದು’ ಎಂದು ಬಿಡುತ್ತೇವೆ. ಮೊದಲನೆಯದನ್ನು ‘ಹೆಪ್ಪುಗಟ್ಟುವುದು’ ಎಂದೂ ಎರಡನೆಯದನ್ನು ‘ಗಟ್ಟಿಗೊಳ್ಳುವುದು’ ಎಂದೂ ಕರೆದರೆ ಹೇಗೆ? ಮೊಸರು ಹೆಪ್ಪುಗಟ್ಟುವಾಗ ಪಾತ್ರೆಯನ್ನು ಅಲುಗಿಸಬಾರದೆಂಬುದು ಪ್ರತಿಯೊಂದು ಮನೆಗೂ ಗೊತ್ತು. ಸಿಮೆಂಟಿಗೂ ಅದೇ ನಿಯಮ.

ಈಗ ಗಣಿತ. ಈ ‘ಸೆಟ್’ಗೆ ಕನ್ನಡ ಪಠ್ಯಪುಸ್ತಕಗಳು ‘ಗಣ’ ಎಂಬ ಶಬ್ದವನ್ನು ಆರಿಸಿಕೊಂಡಿವೆ. ಇದು ಭಾಷಾಂತರದ ಶಬ್ದ, ಮೂಲದ್ದಲ್ಲ ಎಂದು ಮೂಗುಮುರಿಯುವವರಿದ್ದಾರೆ. ಅವರು ಒಂದು ಸಂಗತಿಯನ್ನು ಮರೆಯುತ್ತಾರೆ: ಇಂಗ್ಲಿಷಿನದೂ ಭಾಷಾಂತರವೇ. ಈ ಶಾಸ್ತ್ರವನ್ನು ೧೮೭೪ರಿಂದ ಮುಂದಕ್ಕೆ ಕಟ್ಟಿದ ಗೇಯೋರ್ಗ್ ಕಾಂಟೋರ್ ಬರೆದದ್ದು ಜರ್ಮನ್ ಭಾಷೆಯಲ್ಲಿ. ಅವನು ನೆಲೆಗೊಳಿಸಿದ ಶಬ್ದ ‘ಮೆಂಗೆ’, ಎಂದರೆ ರಾಶಿ, ಸಮುದಾಯ. ಫ್ರೆಂಚರು ಅದನ್ನು ‘ಆಂಸಾಂಬ್ಲ್’ ಎಂದರು, ಇಂಗ್ಲಿಷರು ‘ಸೆಟ್’ ಎಂದರು, ನಾವು ‘ಗಣ’ ಎಂದೆವು. ‘ಗಣಿತ’ವೂ ‘ಗಣ’ವೂ ಎಣಿಕೆಯ ಅರ್ಥದ ಒಂದೇ ಧಾತುವಿಗೆ ಸೇರಿದವು, ಹಾಗೆ ನೋಡಿದರೆ ನಮ್ಮ ಆಯ್ಕೆಯೇನೂ ಕಳಪೆಯಲ್ಲ. ಕಪ್ಪು-ಬಸಿಗಳ ಸೆಟ್ಟಿಗೂ ಗಣಿತದ ಸೆಟ್ಟಿಗೂ ಇರುವ ಅಂತರವನ್ನು ಈ ಶಬ್ದ ಕಾಪಾಡುತ್ತದೆ. ಕಪಾಟಿನಲ್ಲಿ ಒಂದೇ ಬಗೆಯ ಕಪ್ಪುಗಳು ಆರಿರಬೇಕು, ಐದಾದರೆ ಮನೆಯವರಿಗೆ ಬೇಸರ. ಗಣಿತದಲ್ಲಿ ಒಂದೇ ಘಟಕವನ್ನು ಎಷ್ಟು ಸಲ ಬರೆದರೂ ಲೆಕ್ಕಕ್ಕೆ ಒಂದೇ, ಕ್ರಮಕ್ಕೂ ಬೆಲೆಯಿಲ್ಲ. ‘ಕನಕ’ ಎಂಬ ಶಬ್ದದಲ್ಲಿ ಅಕ್ಷರಗಳು ಮೂರು; ಅದರ ಅಕ್ಷರಗಳ ಗಣದಲ್ಲಿ ಘಟಕಗಳು ಎರಡೇ, ಕ ಮತ್ತು ನ.

ಹಾಗೆಂದು ಇಂಗ್ಲಿಷಿನಿಂದ ಬಂದುದನ್ನೆಲ್ಲ ಹೊರದೂಡಬೇಕೆಂಬುದು ನನ್ನ ಪಕ್ಷವಲ್ಲ. ಪಂಪ್‌ಸೆಟ್ಟು ಪಂಪ್‌ಸೆಟ್ಟಾಗಿಯೇ ಇರಲಿ. ಎರವಲು ಬರುವ ಶಬ್ದ ತನ್ನ ತವರಿನ ೪೩೦ ಅರ್ಥಗಳನ್ನೂ ಹೊತ್ತು ತರುವುದಿಲ್ಲ. ಒಂದೋ ಎರಡೋ ಅರ್ಥಗಳೊಡನೆ ಬಂದು ತೆಪ್ಪಗೆ ಕೆಲಸ ಮಾಡುತ್ತದೆ. ನಾನು ಆಕ್ಷೇಪಿಸುವುದು ಗಣ, ಗಣಿಕೆ, ಕಾಳುಕಟ್ಟು, ಹೆಪ್ಪು ಎಂಬ ಬೇರೆ ಬೇರೆ ವಸ್ತುಗಳಿಗೆಲ್ಲ ‘ಸೆಟ್’ ಎಂಬ ಒಂದೇ ಚೀಟಿಯನ್ನು ಅಂಟಿಸಿ, ಪಾಠ ಮುಗಿಯಿತೆಂದು ಮುಂದಕ್ಕೆ ಸಾಗುವ ಪದ್ಧತಿಯನ್ನು. ತರಗತಿಯಲ್ಲಿ ಅಧ್ಯಾಪಕರು ಇಂಗ್ಲಿಷ್ ಶಬ್ದದ ಪಕ್ಕದಲ್ಲಿ ಆ ಶಾಸ್ತ್ರಕ್ಕೆ ತಕ್ಕ ಕನ್ನಡ ಶಬ್ದವನ್ನು ಕರಿಹಲಗೆಯ ಮೇಲೆ ಒಮ್ಮೆ ಬರೆದರೆ ಅರ್ಧ ನಿಮಿಷವೂ ಹಿಡಿಯದು. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿಯೇ ಬರೆಯುವ ವಿದ್ಯಾರ್ಥಿಗೂ ಇದರಿಂದ ನಷ್ಟವಿಲ್ಲ.

ಶಬ್ದಗಳನ್ನು ಕೂಡಿಹಾಕುವ ಕೆಲಸ ಈ ನೆಲಕ್ಕೆ ಹೊಸದೂ ಅಲ್ಲ. ಮುಧೋಳ ಸೀಮೆಯ ಕವಿ ರನ್ನನ ಹೆಸರಿನಲ್ಲಿ ಮಹಾಕಾವ್ಯಗಳಲ್ಲದೆ ‘ರನ್ನಕಂದ’ವೆಂಬ ಚಿಕ್ಕ ನಿಘಂಟಿನ ಕೆಲವು ಪದ್ಯಗಳೂ ಉಳಿದಿವೆ. ಈಗ ಬೇಕಾಗಿರುವುದು ಪದ್ಯವಲ್ಲ, ಒಂದು ನೋಟುಪುಸ್ತಕ. ಅಂಗುಲಕ್ಕೆ ಎಷ್ಟು ಎಳೆ ಎಂಬುದನ್ನು ನೇಕಾರರು ಏನೆಂದು ಕರೆಯುತ್ತಾರೆ, ಎಳೆ ಕಡಿದರೆ, ಹಾಸು ಸಡಿಲವಾದರೆ, ಹೊಕ್ಕು ತಪ್ಪಿದರೆ ಅವಕ್ಕೆಲ್ಲ ಏನು ಹೆಸರು ಎಂಬುದನ್ನು ಬನಹಟ್ಟಿಯ ಕಾಲೇಜು ವಿದ್ಯಾರ್ಥಿಗಳು ಒಂದೆರಡು ಭಾನುವಾರಗಳಲ್ಲಿ ಕೇಳಿ ಬರೆದುಕೊಳ್ಳಬಹುದು. ವಿದ್ಯುತ್ ಮಗ್ಗಗಳು ಓಡುತ್ತಿರುವಾಗ ಪ್ರಶ್ನೆಯನ್ನು ಸ್ವಲ್ಪ ಕೂಗಿ ಕೇಳಬೇಕಾದೀತು, ಅಷ್ಟೆ.