ಬೀಗ ಹಾಕಿದ ಬಾಗಿಲು ಕಾಯುವುದು ಯಾರನ್ನು?

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಕಾಣಿಸಿಕೊಂಡ ಬೆಂಕಿ ಒಂಬತ್ತು ಮಂದಿಯನ್ನು ಬಲಿ ಪಡೆಯಿತು. ಹೊಗೆ ತುಂಬಿದ ಮಹಡಿಗಳಿಂದ ಇಳಿಯಲು ದಾರಿ ಕಾಣದ ಕೆಲವರು ಕಿಟಕಿಯಿಂದ ಕೆಳಕ್ಕೆ ಹಾರಿದರು. ತುರ್ತು ನಿರ್ಗಮನದ ದಾರಿ ಅಲ್ಲಿ ಇತ್ತು. ಅಗತ್ಯ ಬಿದ್ದಾಗ ಅದು ತೆರೆದಿರಲಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತಾಗಲೂ ಹೆಚ್ಚುವರಿ ಆಸನಗಳು ಹೊರಹೋಗುವ ದಾರಿಯನ್ನು ಮುಚ್ಚಿದ್ದವು. ಇಂಥ ದುರಂತಗಳಲ್ಲಿ ಜ್ವಾಲೆಗಿಂತ ಮೊದಲು ಕೊಲ್ಲುವುದು ಹೊಗೆ. ಅದು ಕೆಲವೇ ನಿಮಿಷಗಳಲ್ಲಿ ಮೆಟ್ಟಿಲನ್ನು ಆವರಿಸುತ್ತದೆ. ಎರಡನೆಯ ಮೆಟ್ಟಿಲು ಬೇಕಾಗುವುದು ಅದಕ್ಕಾಗಿಯೇ.

ಇದು ಮಹಾನಗರಗಳ ಸಮಸ್ಯೆ ಎಂದು ನಾವು ಸುಮ್ಮನಿರುವಂತಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳನ್ನು ಬಹುಮಹಡಿ ಕಟ್ಟಡಗಳೆಂದು ಪರಿಗಣಿಸುತ್ತದೆ. ರಾಯಚೂರು, ಮಾನ್ವಿ, ದೇವದುರ್ಗದಂಥ ಪಟ್ಟಣಗಳ ಎಷ್ಟೋ ಕಟ್ಟಡಗಳು ಆ ಎತ್ತರವನ್ನು ಮುಟ್ಟುವುದಿಲ್ಲ. ಆದರೆ ಕೆಳಗೆ ಬಟ್ಟೆ ಅಂಗಡಿ, ಮೇಲೆ ಟ್ಯೂಷನ್ ತರಗತಿ, ಅದರ ಮೇಲೆ ಸಂಸಾರ, ಎಲ್ಲರಿಗೂ ಒಂದೇ ಇಕ್ಕಟ್ಟಾದ ಮೆಟ್ಟಿಲು. ಮೆಟ್ಟಿಲ ಕೆಳಗೆ ವಿದ್ಯುತ್ ಮೀಟರು ಮತ್ತು ಬೈಕುಗಳು. ಕಿಟಕಿಗಳಿಗೆ ಬಿಗಿಯಾದ ಕಬ್ಬಿಣದ ಸರಳು. ಹಿರೇಕೊಟ್ನೆಕಲ್‌ನಂಥ ಊರಿಗೆ ಅಗ್ನಿಶಾಮಕ ವಾಹನ ಹೊರಗಿನಿಂದ ಬಂದು ತಲುಪುವಷ್ಟು ಹೊತ್ತು ಒಳಗಿದ್ದವರು ಕಾಯಬಲ್ಲರೇ?

ಬೀಗ ಹಾಕುವವರಿಗೂ ಅವರದೇ ಕಾರಣಗಳಿವೆ. ಕಳ್ಳರ ಭಯವಿದೆ, ಸರಕಿಡಲು ಜಾಗ ಸಾಲದು, ಇನ್ನೊಂದು ಮೆಟ್ಟಿಲಿಗೆ ಹಣವಿಲ್ಲ. ಆದರೆ ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಚಿಲಕ ಕಳ್ಳನನ್ನೂ ತಡೆಯುತ್ತದೆ, ಜೀವವನ್ನೂ ಉಳಿಸುತ್ತದೆ.

2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಸುಟ್ಟು ಸತ್ತ ನಂತರ ದೇಶ ಕೆಲಕಾಲ ಮರುಗಿತು, ಮತ್ತೆ ಮರೆಯಿತು. ಸ್ಥಳೀಯ ಸಂಸ್ಥೆಗಳು ಪರವಾನಗಿ ನೀಡಿ ಕಡತ ಮುಚ್ಚದೆ, ವರ್ಷಕ್ಕೊಮ್ಮೆ ಮೆಟ್ಟಿಲು ಹತ್ತಿ ನೋಡಬೇಕು. ಆದರೆ ಸರಕಾರವನ್ನು ಪ್ರಶ್ನಿಸುವ ಮುನ್ನ ನಮ್ಮದೇ ಶಾದಿ ಮಹಲ್, ಮದ್ರಸ, ವಸತಿ ನಿಲಯಗಳತ್ತ ನೋಡೋಣ. ಸಾವಿರ ಮಂದಿ ಉಣ್ಣುವ ಸಭಾಂಗಣಕ್ಕೆ ಎಷ್ಟು ಬಾಗಿಲು? ಅವು ಹೊರಕ್ಕೆ ತೆರೆಯುತ್ತವೆಯೇ? ಅಡುಗೆಯ ಸಿಲಿಂಡರ್‌ಗಳು ದಾರಿಯಲ್ಲಿವೆಯೇ? ರಾತ್ರಿ ಮಕ್ಕಳು ಮಲಗುವ ಕೋಣೆಯ ಕೀಲಿ ಯಾರ ಬಳಿ ಇರುತ್ತದೆ?

ಜಮಾಅತ್ ಸಮಿತಿಗಳು ಮುಂದಿನ ಸಭೆಯಲ್ಲೇ ಈ ಪ್ರಶ್ನೆಗಳನ್ನು ಎತ್ತಿಕೊಳ್ಳಲಿ. ಕಟ್ಟಡದ ಅಂದಕ್ಕೆ ಲಕ್ಷಾಂತರ ರೂಪಾಯಿ ದೇಣಿಗೆ ಕೂಡಿಸಬಲ್ಲ ಸಮುದಾಯಕ್ಕೆ ಒಂದು ಕಬ್ಬಿಣದ ಏಣಿ ಭಾರವಾಗದು.